ಒಂದೂಕಾಲು ಮೈಲಿ

ಫಲಕದ ಮೇಲೆ ಬರೆದಿದೆ: ಸುಲಭದ ಹಾದಿ.
ಒಂದೂಕಾಲು ಮೈಲಿ, ಏರಿಲ್ಲ, ಇಳಿಜಾರಿಲ್ಲ,
ಗಾಲಿಕುರ್ಚಿ ಹೋಗಬಹುದು, ನಾಯಿ ಹೋಗಬಾರದು.
ಇಪ್ಪತ್ತೊಂಬತ್ತು ವರ್ಷ ಶಾಲೆಯ ಬಸ್ಸಿಗೆ
ಬ್ರೇಕು ಒತ್ತಿದ ನನ್ನ ಬಲಮಂಡಿ
ಅದನ್ನು ಓದಿ, ನೋಡೋಣ, ಎಂದಿತು.

ಪಕ್ಕದ ಮನೆಯ ಟೆರೆಲ್‌ಗೆ ಒಂಬತ್ತು.
ಅವನಮ್ಮನಿಗೆ ಶನಿವಾರವೂ ಕೋಳಿ ಕಾರ್ಖಾನೆ.
ಕೊರಳಲ್ಲಿ ದಿಕ್ಸೂಚಿ, ಜೇಬಲ್ಲಿ ಅವನೇ ಕೆತ್ತಿದ ಠಸ್ಸೆ:
ಅಳಿಸುವ ರಬ್ಬರಿನಲ್ಲಿ ಒಂದು ಆಮೆ.
ಕೊನೆಗೆ ಚಾಕು ಜಾರಿ ಬಾಲ ಹೋಯಿತು.
"ಒಳಗೆ ಎಳೆದುಕೊಂಡಿದೆ, ಮಿಸ್ ವರ್ನೀಸ್."

ನನ್ನದು ಹಳದಿ ಬಸ್ಸು. ಬೇರೇನು ಕೆತ್ತಲಿ?

ಕಾಡಿನಲ್ಲೊಂದು ಡಬ್ಬಿ ಅಡಗಿಸಿ, ಒಳಗೊಂದು ಠಸ್ಸೆ, ಒಂದು ಪುಸ್ತಕ ಇಟ್ಟು,
ಹುಡುಕಿ ಬಂದವರಿಗೆ ಒಗಟೊಂದನ್ನೇ ಬಿಟ್ಟು ಹೋಗುವವರಿದ್ದಾರೆ.
ಈ ಒಗಟು 'ಉಪ್ಪುಗಾಲು' ಎಂಬಾತನದು, ಅಥವಾ ಎಂಬಾಕೆಯದು:

*ಮುರಿದ ಬೆಂಚಿಗೆ ಬೆನ್ನು ಕೊಡು,
ಹೆಬ್ಬಾತು ಹೋಗುವತ್ತ ಮುಖ ಮಾಡು,
ನಲವತ್ತು ಹೆಜ್ಜೆ. ಮೂರು ಕಾಲಿನ ಮರದಲ್ಲಿ
ಬಗ್ಗಿದವರಿಗಷ್ಟೇ ಮನೆ ಕಾಣುತ್ತದೆ.*

ಬೆಂಚು ರಿಪೇರಿಯಾಗಿತ್ತು.
ನಾಲ್ಕು ಬೆಂಚು, ನಾಲ್ಕೂ ಗಟ್ಟಿ; ಒಂದೊಂದನ್ನೂ ಕೂತು ನೋಡಿದೆ,
ಮಂಡಿಗೆ ಅದೇ ಬೇಕಿತ್ತು.
ಮೂರನೆಯದರಲ್ಲಿ ಒಂದು ಹಲಗೆ ಮಾತ್ರ ಹೊಸ ಬಣ್ಣ.

ಇನ್ನು ಹೆಬ್ಬಾತು. ಯಾವ ತಿಂಗಳ ಹೆಬ್ಬಾತು?
ಇದು ಮಾರ್ಚಿ, ತಲೆಯ ಮೇಲೆ ಅವು ಬೊಬ್ಬಿಡುತ್ತ ಬಡಗಣಕ್ಕೆ.
ಬಡಗಣಕ್ಕೆ ಹನ್ನೊಂದೇ ಹೆಜ್ಜೆಗೆ ಟೆರೆಲ್‌ನ ಶೂ
ಜೌಗಿನಲ್ಲಿ ಪಚಕ್ಕೆಂದಿತು.
"ಉಪ್ಪುಗಾಲು ಬಂದದ್ದು ನವೆಂಬರಿನಲ್ಲಿ," ಎಂದ,
ಶೂ ಕೊಡವಿ ತೆಂಕಣಕ್ಕೆ ತಿರುಗಿದ.

ಮಂಡಿಯೂರಿ ತರಗೆಲೆ ಕೆದಕುವಾಗ
ದುರ್ಬೀನು ತೂಗಿಸಿಕೊಂಡ ದಂಪತಿ ಬಂದರು.
ಗುಟ್ಟು ಗುಟ್ಟಾಗಿಯೇ ಇರಬೇಕಲ್ಲ,
ಶೂಲೇಸು ಕಟ್ಟುವವಳಂತೆ ಬಗ್ಗಿಯೇ ಇದ್ದೆ.
ಅವರು ದಾಟಿದ ಮೇಲೆ ಟೆರೆಲ್ ಹೇಳಿದ,
ನನ್ನ ಶೂಗೆ ಲೇಸೇ ಇಲ್ಲವೆಂದು.

ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ.
ನಾವು ಬೆಟ್ಟ ಅಗೆಯಲಿಲ್ಲ, ಒಂದು ತೊಗಟೆ ಸರಿಸಿದೆವು.
ಮೂರು ಬೇರಿನ ನಡುವೆ ಊಟದ ಡಬ್ಬಿ, ಮೂಲೆ ಒಡೆದದ್ದು,
ಮುಚ್ಚಳದ ಮೇಲೆ ಕಾವಲು ಕಚೇರಿಯ ಅನುಮತಿ ಚೀಟಿ,
ಒಳಗೆ
ಪುಸ್ತಕವಿರಲಿಲ್ಲ. ಪುಸ್ತಕ ಹಾಸಿಗೆಯಾಗಿತ್ತು.
ಸಿಗಿದ ದಿನಾಂಕಗಳು, ನೀಲಿ ಶಾಯಿಯ ಅರ್ಧ ಬಾತು,
'ಮಳೆಯಲ್ಲೇ ಸಿಕ್ಕಿ' ಎಂಬಲ್ಲಿಗೆ ತುಂಡಾದ ಸಾಲು,
ಯಾರದೋ ನಕ್ಷತ್ರ, ಯಾರದೋ ಮಗುವಿನ ಹೆಸರಿನ ಬಾಲ,
ಇವೆಲ್ಲದರ ನಡುವೆ
ಬೆರಳ ತುದಿಯಷ್ಟೇ, ಬೆರಳ ತುದಿಯ ಬಣ್ಣವೇ,
ನಾಲ್ಕು. ಕಣ್ಣು ಇನ್ನೂ ಬಂದಿಲ್ಲ.

ಅಮ್ಮ ಇಲಿ ಬೇರಿನ ಮರೆಯಿಂದ ನೋಡುತ್ತಿತ್ತು.
ಮೊದಲ ದಿನ ಮಗುವನ್ನು ಬಸ್ಸು ಹತ್ತಿಸಿದ ತಾಯಂದಿರು
ನನ್ನನ್ನು ಹೀಗೇ ನೋಡಿದ್ದಾರೆ.

ಠಸ್ಸೆ ಹೊರಗೇ ಬಿದ್ದಿತ್ತು, ಒಂದು ಬದಿ ಕಡಿದು ಹೋಗಿ.
ಟೆರೆಲ್ ಶಾಯಿ ತಾಗಿಸಿ ತನ್ನ ಪುಟದ ಮೇಲೆ ಒತ್ತಿದ:
ಬೆಳ್ಳಕ್ಕಿ, ಕೊಕ್ಕುಂಟು, ಕೊರಳುಂಟು, ಕಾಲಿಲ್ಲ.
ನಾನು ಬಾಯಿ ತೆರೆಯುವ ಮೊದಲೇ
"ನೀರಲ್ಲಿ ನಿಂತಿದೆ," ಎಂದ, ಪಿಸುಮಾತಿನಲ್ಲಿ.

ಆಮೆಯನ್ನೂ ಬಸ್ಸನ್ನೂ ಎಲ್ಲಿ ಒತ್ತುವುದು?
ಅಲ್ಲಿ ಖಾಲಿ ಹಾಳೆ ಇರಲಿಲ್ಲ, ಇದ್ದದ್ದು ಬೆಚ್ಚಗಿತ್ತು.
ಮುಚ್ಚಳ ಮುಚ್ಚಿ, ತೊಗಟೆ ಎಳೆದು,
ಒಡೆದ ಮೂಲೆಯನ್ನು ಮಾತ್ರ ತೆರೆದಿಟ್ಟೆವು.
ಉಪ್ಪುಗಾಲಿಗೆ ಇವತ್ತೇ ಬರೆಯಬೇಕು:
ನಿಮ್ಮ ಡಬ್ಬಿಗೆ ಬಾಡಿಗೆದಾರರು ಬಂದಿದ್ದಾರೆ.
ಬೆಂಚಿನ ವಿಷಯವನ್ನೂ.

ಹುಡುಗ ಬೆಂಚಿನವರೆಗೆ ತುದಿಗಾಲಲ್ಲಿ ನಡೆದ,
ಒದ್ದೆ ಶೂ ಸದ್ದು ಮಾಡದಂತೆ, ತುಟಿಯಲ್ಲೇ ಎಣಿಸುತ್ತ.
ನಾನೂ ಹಾಗೇ ನಡೆಯಲು ನೋಡಿದೆ.
ಮಂಡಿ ಏನೋ ಅಂದಿತು.
ಸುಮ್ಮನಿರು, ಮಕ್ಕಳು ಮಲಗಿವೆ, ಎಂದೆ.