ಬಲೆನೂಲು

ಹೊಯ್ಗೆ ಬಜಾರಿನ ಮುಚ್ಚಿದ ಹಂಚಿನ ಕಾರ್ಖಾನೆಯಲ್ಲಿ
ಮಣ್ಣು ಬೇಯುತ್ತಿದ್ದ ಗೂಡಿನ ಪಕ್ಕ
ನಾಲ್ಕು ಕಂಬಕ್ಕೆ ದೋಣಿಯ ಹಗ್ಗ ಬಿಗಿದು
ಲಿಗೋರಿ ಮಾಸ್ಟ್ರು ರಿಂಗ್ ಮಾಡಿದ್ದಾರೆ.
ಹಗ್ಗ ನಾನು ಕೊಟ್ಟದ್ದು. ದುಡ್ಡು ಇನ್ನೂ ಬಂದಿಲ್ಲ.

ನನ್ನ ಕೆಲಸ ಬಲೆ ಹೊಲಿಯುವುದು,
ಭಾನುವಾರ ಮಾತ್ರ ಗ್ಲೌಸು.
ಹೆಬ್ಬೆರಳಿನ ಸಂದಿಯಲ್ಲೇ ಬಾಯಿ ಬಿಡುತ್ತವೆ ಅವು,
ಬಂಗುಡೆಯ ಕಿವಿರಿನ ಹಾಗೆ.
ಹಸಿರು ನೈಲಾನು, ಎರಡೆಳೆ, ಬಲೆಯದೇ ಗಂಟು.
ಗ್ಲೌಸು ನೋಡಿದರೆ ಸಾಕು,
ಹೊಡೆದವರು ಸಿಟ್ಟಿನಲ್ಲಿದ್ದರೋ ಹೆದರಿದ್ದರೋ
ಹೇಳಬಲ್ಲೆ.

ಅಮೆರಿಕದ ಶನಿವಾರ ರಾತ್ರಿ
ನಮಗೆ ಭಾನುವಾರ ಬೆಳಿಗ್ಗೆ.
ರೊಸಾರಿಯೋದಲ್ಲಿ ಎರಡನೇ ಪೂಜೆಯ ಗಂಟೆ,
ಮಾಸ್ಟ್ರ ಮೊಬೈಲಿನಲ್ಲಿ ಎಂಟನೇ ರೌಂಡಿನ ಗಂಟೆ.
ಯಾವುದಕ್ಕೆ ಏಳಬೇಕೆಂದು ತಿಳಿಯದೆ
ಅವರು ಅರ್ಧ ಎದ್ದು ಮತ್ತೆ ಕೂರುತ್ತಾರೆ.

"ಜನ ಇಲ್ಲ ಮಾರಾಯ, ನೋಡು, ಹಿಂದಿನ ಸಾಲೆಲ್ಲ ಖಾಲಿ.
ಆವಾಗ ನಮ್ಮ ಹಡಗು ಬಾಲ್ಟಿಮೋರಿನಲ್ಲಿ ನಿಂತಿತ್ತು,
ಒಂದು ರಾತ್ರಿ ಇಡೀ ಬೀದಿ ಒಂದು ರೇಡಿಯೋದ ಸುತ್ತ.
ಟ್ಯಾಕ್ಸಿ ಇಲ್ಲ, ಪೊಲೀಸ್ ಇಲ್ಲ, ನಾಯಿ ಕೂಡ ಬೊಗಳಲಿಲ್ಲ.
ಕ್ಷೌರದವ ಗಡ್ಡ ಅರ್ಧಕ್ಕೆ ಬಿಟ್ಟು ಓಡಿದ,
ಆ ಅರ್ಧ ಗಡ್ಡ ನನ್ನದು."

ಆಮೇಲೆ ಅದೇ ಪ್ರಶ್ನೆ, ಪ್ರತಿ ವಾರದ್ದು:
"ವಾಪಸು ಬರ್ತದಾ?"

ಐಸ್ ಪ್ಲಾಂಟಿನ ಹಸನಬ್ಬ ಬೀಡಿ ಹಚ್ಚಿದ:
"ಬರಲಿಕ್ಕಿಲ್ಲ ಮಾಸ್ಟ್ರೇ.
ಒಂದೇ ತೂಕಕ್ಕೆ ನಾಲ್ಕು ಬೆಲ್ಟು, ನಾಲ್ಕು ಚಾಂಪಿಯನ್ನು.
ಒಂದು ಬೋಟಿಗೆ ನಾಲ್ಕು ಯಜಮಾನರಾದರೆ
ಕೂಲಿ ಯಾರನ್ನು ಕೇಳುವುದು?
ಒಳ್ಳೆಯವರಿಬ್ಬರು ಎದುರುಬದುರು ನಿಲ್ಲುವಷ್ಟರಲ್ಲಿ
ಇಬ್ಬರಿಗೂ ಮೊಣಕಾಲು ನೋವು.
ಅದನ್ನು ನೋಡಲಿಕ್ಕೆ ಬೇರೆ ಹಣ.
ಹುಡುಗರಿಗೆ ಈಗ ಪಂಜರದೊಳಗಿನ ಹೊಡೆದಾಟ ಉಂಟಲ್ಲ,
ಕೋಳಿ ಅಂಕದ ಹಾಗೆ, ಬೇಗ ಮುಗಿಯುತ್ತದೆ."

ನಾನು ಬೂತಾಯಿಯ ಲೆಕ್ಕ ಹೇಳಿದೆ.
ಒಂದು ವರ್ಷ ಗೊಬ್ಬರಕ್ಕೆ ಸುರಿಯುವಷ್ಟು,
ಆಮೇಲೆ ಮೂರು ವರ್ಷ ಒಂದು ಬುಟ್ಟಿಯೂ ಇಲ್ಲ.
ನೀರು ಬಿಸಿಯಾಗಿದೆ ಎಂದರು, ಲೈಟ್ ಫಿಶಿಂಗ್ ಎಂದರು,
ದೈವ ಮುನಿದಿದೆ ಎಂದರು.
ಮತ್ತೊಂದು ಬೆಳಿಗ್ಗೆ ತಣ್ಣೀರುಬಾವಿಯ ದಡಕ್ಕೆ
ತಾನಾಗಿ ಬಂದು ಬಿತ್ತು, ಬೆಳ್ಳಿಯ ರಾಶಿ.
ಹುಡುಗರು ಕೊಡೆ ಬಿಡಿಸಿ ಮಗುಚಿ ಹಿಡಿದು ಬಾಚಿದರು.
ಹೋದದ್ದೇಕೆ, ಬಂದದ್ದೇಕೆ,
ಹೇಳಿದವರಿಲ್ಲ.

ಮಾಸ್ಟ್ರು ನಕ್ಕರು.
"ಬೂತಾಯಿಯ ತಲೆಗೆ ಯಾರೂ ಗುದ್ದುವುದಿಲ್ಲವಲ್ಲ."

ಕಣ್ಣ ಚಾದ ಲೋಟ ಎತ್ತಿದರು.
ಮುಂಬೈ ಡಾಕಿನಲ್ಲಿ ಹನ್ನೊಂದು ವರ್ಷ ಗುದ್ದಾಡಿದ ಆ ಎಡಗೈ
ಯಾರೂ ಹೇಳದೆ ತಾನೇ ನಡುಗುತ್ತದೆ.
ಚಾ ಅಂಚಿಗೆ ಬಂತು, ಇಣುಕಿತು,
ಎರಡು ಹನಿ ಅಂಗಿಯ ಮೇಲೆ.
ಹಸನಬ್ಬ ಬೀಡಿ ನೋಡಿದ, ನಾನು ಸೂಜಿ ನೋಡಿದೆ.
ಆ ದೇಶದ ತಾಯಂದಿರೂ
ಇಂಥದೊಂದು ಲೋಟ ಕಂಡಿರಬೇಕು.
ಹಿಂದಿನ ಸಾಲು ಖಾಲಿಯಾದದ್ದು
ಅಡುಗೆಮನೆಯಿಂದಲೋ ಏನೋ.
ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.
ಬರಲಿ ಎನ್ನಬೇಕೋ, ಬೇಡ ಎನ್ನಬೇಕೋ,
ಗ್ಲೌಸು ಮಡಿಲಲ್ಲಿಟ್ಟುಕೊಂಡು ನಾನು ಯಾವುದನ್ನು ಹೇಳಲಿ?

ಅಷ್ಟರಲ್ಲಿ ಹರಿಣಾಕ್ಷಿ ಬಂದಳು.
ಹತ್ತೊಂಬತ್ತು ವರ್ಷ, ಐವತ್ತನಾಲ್ಕು ಕಿಲೋ,
ದಕ್ಕೆಯಲ್ಲಿ ಏಲಂ ಕೂಗಿ ಬಿದ್ದ ಗಂಟಲು,
ಮೊಣಕೈಯಲ್ಲಿ ಇನ್ನೂ ಒಂದು ಮೀನಿನ ಹುರುಪೆ.
ಅಮೆರಿಕದ ಸುದ್ದಿ ಅವಳು ಕೇಳಲಿಲ್ಲ.
"ಅಣ್ಣಾ, ಎಡದ್ದು ಆಯ್ತಾ?"

ಹಲ್ಲಿನಲ್ಲಿ ನೂಲು ಕಡಿದು ಕೊಟ್ಟೆ.

ಪ್ರೇಕ್ಷಕರು: ಮಗುಚಿಟ್ಟ ಮೀನಿನ ಕ್ರೇಟು ಏಳು,
ಕೂತವರು ಇಬ್ಬರು, ಮತ್ತೆ ಒಂದು ಬೆಕ್ಕು.
ಮಾಸ್ಟ್ರು ಪ್ಯಾಡು ಎತ್ತಿದರು.
ಪ್ಯಾಡು ಅಲುಗುತ್ತದೆ.
ಅಲುಗುವುದಕ್ಕೇ ಗುರಿಯಿಟ್ಟು ಕಲಿತವಳು ಅವಳು,
ಒಂದೂ ತಪ್ಪುವುದಿಲ್ಲ.
ತನಗೆ ಕಷ್ಟವಾಗಲೆಂದು
ಮಾಸ್ಟ್ರು ಬೇಕೆಂದೇ ಅಲುಗಿಸುತ್ತಾರೆ
ಎಂದುಕೊಂಡಿದ್ದಾಳೆ.