ಒರೆಯಲ್ಲಿಡಬೇಡ

ಪಾಲಯ್ಯ ಬಂದಾಗ ಸಂತೆಹೊಂಡದ ಕಡೆಯ ಬಿಸಿಲು
ನನ್ನ ಸಾಣೆಕಲ್ಲಿನ ತನಕ ಬಂದು ಕೂತಿತ್ತು.
ಖಾಕಿ ಅಂಗಿ, ಜೋಗಿಮಟ್ಟಿಯ ಮಣ್ಣು ಮೆತ್ತಿದ ಬೂಟು,
ಕಂಕುಳಲ್ಲಿ ಒಂದು ಗೋಣಿತಾಟು.
"ಇಮಾಂಬಕ್ಕಾ, ಇದು ಬದುಕ್ತದಾ ನೋಡು."

ಬಿಚ್ಚಿದೆ.
ಗೇಣುದ್ದದ ಬೇಟೆಚೂರಿ, ತಾತ ಕಾಟಯ್ಯನದು.
ಅಟ್ಟದ ಮೇಲೆ, ಚರ್ಮದ ಒರೆಯೊಳಗೆ
ಮೂವತ್ತು ಮಳೆಗಾಲ.
ನಮ್ಮ ದುರ್ಗದ ಮಳೆಗಾಲ, ಅಂದರೆ
ಹೇಳಿಕೊಳ್ಳುವಂಥ ಮಳೆಯೇನಲ್ಲ.
ತುಕ್ಕಿಗೆ ಅಷ್ಟು ಸಾಕು.

ಮಂದಿ ಒರೆಯನ್ನು ಚೂರಿಯ ಮನೆ ಅಂದುಕೊಳ್ಳುತ್ತಾರೆ.
ಒರೆ ಇರುವುದು ದಾರಿಗೆ,
ನಡೆಯುವಾಗ ತೊಡೆಗೆ ತಾಗದಿರಲಿ ಅಂತ.
ತೊಗಲು ಹದಮಾಡಿದ ತಂಗಡಿ ತೊಗಟೆಯ ಒಗರು,
ಸೊಂಟದ ಬೆವರಿನ ಉಪ್ಪು
ಎಲ್ಲ ಅಲ್ಲೇ ಕೂತು ಕಬ್ಬಿಣವನ್ನು
ಸದ್ದಿಲ್ಲದೆ ತಿನ್ನುತ್ತವೆ.
ಬೇಟೆ ಮುಗಿದ ದಿನವೇ ಹೊರಗೆ ತೆಗೆಯಬೇಕಿತ್ತು.
ಬೇಟೆ ಮುಗಿದದ್ದು ಯಾವ ದಿನ ಅಂತ
ಅವರ ಮನೆಯಲ್ಲಿ ಯಾರೂ ಹೇಳಲಿಲ್ಲವಂತೆ.

ಎರಡು ದಿನ ಸೀಮೆಎಣ್ಣೆಯಲ್ಲಿ ಮಲಗಿಸಿದೆ.
ಆಮೇಲೆ ಹುಣಸೆಹಣ್ಣು, ಜರಡಿ ಹಿಡಿದ ಇಟ್ಟಿಗೆಪುಡಿ,
ತೆಂಗಿನ ನಾರು, ಹೆಬ್ಬೆರಳು.
ಗಾಲಿಗೆ ಕೊಡಲಿಲ್ಲ. ಗಾಲಿ
ಟೈಲರುಗಳ ಕತ್ತರಿಗೆ, ಮಟನ್ ಅಂಗಡಿಯ ಮಚ್ಚಿಗೆ,
ಈಗಲೇ ಬೇಕೆನ್ನುವವರಿಗೆ.
ಕೆಂಪು ಎದ್ದು ಬರುತ್ತದೆ, ಬರಲಿ.
ಅದರಡಿಯ ಕಪ್ಪನ್ನು ಕೆರೆಯಬಾರದು,
ಅದು ಅಲಗಿನ ಚರ್ಮ.
ನಾವು ಸಿಕಲಗಾರರು; ನಮ್ಮ ಅಬ್ಬಾ ಹೇಳುತ್ತಿದ್ದ,
ಹೊಳೆಯುವ ಚೂರಿ ಮದುವೆಮನೆಗೆ ಸರಿ,
ಕಾಡಿನಲ್ಲಿ ಅದರ ಮಿಂಚಿಗೆ ಮೊಲವೂ ನಗುತ್ತದೆ.

ಹಿಡಿ ಕಮರದ್ದು, ಬಿರಿದಿತ್ತು.
ಮೂರು ಮೊಳೆಗಳಲ್ಲಿ ಒಂದು ಹಿತ್ತಾಳೆ, ಒಂದು ತಾಮ್ರ,
ಮೂರನೆಯದು ನೋಡಿದರೆ ಸೈಕಲ್ ಕಡ್ಡಿ!
"ತಾತ ಸೈಕಲ್ ಹತ್ತಿದ್ದೇ ಇಲ್ಲಕ್ಕಾ."
ಹಾಗಾದರೆ ಯಾರ ಸೈಕಲ್ಲೋ
ಒಂದು ಕಡ್ಡಿ ಕಡಿಮೆಯಲ್ಲಿ ಊರು ಸುತ್ತಿತು.
ಅದನ್ನು ಹಾಗೇ ಬಿಟ್ಟೆ.
ಬಿರುಕಿಗೆ ಅರಗು ಕಾಸಿ ತುಂಬಿದೆ, ಹೊಂಗೆಎಣ್ಣೆ ಒರೆಸಿದೆ.
ಶೇಂಗಾ ಎಣ್ಣೆ ಬೇಡ, ಚಳ್ಳಕೆರೆಯವರು ಬೈದರೂ ಸರಿ,
ಅಂಟಾಗುತ್ತದೆ.

ಅಂಚನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿದೆ.
ಸವೆತ ಒಂದೇ ಮಗ್ಗುಲಿಗೆ ಜಾರಿತ್ತು.
ನಿಮ್ಮ ತಾತ ಎಡಚನೇನು ಅಂದೆ.
ಪಾಲಯ್ಯ ಮಾತಾಡಲಿಲ್ಲ,
ತನ್ನ ಎಡಗೈ ನೋಡಿಕೊಂಡ.

ಕೊಡುವಾಗ ಕೇಳಿದೆ,
ಕಾಡು ಕಾಯುವವನಿಗೆ ಬೇಟೆಚೂರಿ ಯಾಕೋ?
"ಉರುಳು ಕಡಿಯೋಕೆ. ಹಂದಿಗೆ ಅಂತ ಹಾಕ್ತಾರೆ,
ಬೀಳೋದು ಕರಡಿ."
ಹಗ್ಗವಾದರೆ ಕಡಿ.
ಬೈಕಿನ ಬ್ರೇಕ್ ತಂತಿಯಾದರೆ ಮುಟ್ಟಬೇಡ, ಇಕ್ಕಳ ಒಯ್ಯಿ.
ಹಳೆಯ ಉಕ್ಕು, ಗಡುಸು, ಮುಕ್ಕಾದೀತು.
ಇನ್ನೊಂದು, ಒರೆಯಲ್ಲಿಡಬೇಡ.

ಸುಗ್ಗಿ ಮುಗಿಯುವ ಹೊತ್ತಿಗೆ ಮತ್ತೆ ಬಂದ.
ಚೂರಿ ಎಣ್ಣೆಬಟ್ಟೆಯಲ್ಲಿತ್ತು, ಹೇಳಿದ ಹಾಗೆ.
ಅಂಚಿನಲ್ಲಿ ಅಕ್ಕಿಕಾಳಿನಷ್ಟು ಮುಕ್ಕು.
ಇಕ್ಕಳ?
ಬ್ಯಾಗಿನಲ್ಲಿತ್ತು. ಬ್ಯಾಗು ಜೀಪಿನಲ್ಲಿತ್ತು.
ಜೀಪು ಗುಡ್ಡದ ಬುಡದಲ್ಲಿತ್ತು.
ಮರಿಯ ಮುಂಗಾಲು ತಂತಿಯಲ್ಲಿತ್ತು.
ತಾಯಿ ಎಲ್ಲಿತ್ತೋ.

ಬೈಯಲಿಕ್ಕೆ ಬಾಯಿ ತೆಗೆದೆ.
ಆ ಮುಕ್ಕು ಹೋಗಬೇಕೆಂದರೆ
ಇಡೀ ಅಂಚು ಅಷ್ಟೂ ಒಳಗೆ ಸವೆಯಬೇಕು,
ಕಾಟಯ್ಯ ಸವೆಸಿ ಉಳಿಸಿದ್ದೇ ಬೆರಳಗಲ.
ಕಲ್ಲಿಗೆ ನೀರು ಚಿಮುಕಿಸಿದೆ.
ಮುಕ್ಕನ್ನು ಬಿಟ್ಟು ಅದರ ಆಚೆ ಈಚೆ ಹರಿತ ಮಾಡಿದೆ.

"ಎಷ್ಟಾಯ್ತಕ್ಕಾ?"
ಮರಿ ನಡೀತದಾ?
"ಕುಂಟ್ತದೆ."

ಇಪ್ಪತ್ತು ರೂಪಾಯಿ ಕೊಡು ಅಂದೆ.