ಅಂಕ

ಗೋಕುಲ ರೋಡಿನ ಕಡಿಂದ ಏಳೂ ಪ್ರತಿ ವಿಮಾನದಾಗೂ
ನಮ್ಮನಿಯವರ ಮೊಣಕಾಲು ತಾಗಿ ಸವದ ಒಂದು ಸೀಟು ಐತಿ.
ತಾರಿಹಾಳದ ಕಾರಖಾನಿಯ ವಾಲ್ವು ಮಾರ್ತಾರ ಇವರು.
ಸೋಮವಾರ ಹೈದರಾಬಾದು, ಗುರುವಾರ ಪುಣೆ,
ಶನಿವಾರ ರಾತ್ರಿ ಬಂದು, ಬೂಟು ಬಿಚ್ಚೂಕಿಂತ ಮೊದಲ
ಮೊಬೈಲು ತೋರಸ್ತಾರ:
ಹದಿನೆಂಟು ಸಾವಿರದ ಆರನೂರಾ ನಲವತ್ತು ಪಾಯಿಂಟು, ನೋಡ.

ನಾನು ಸಾಲ್ಯಾಗ ಕನ್ನಡಾ ಕಲಸಾಕಿ,
ಅದಕ್ಕ ಅಂಕ ಅಂತೀನಿ.
ಆ ಮೊತ್ತಾ ನನಗ ಬಿಡಿಬಿಡಿಯಾಗಿ ಓದಾಕ ಬರ್ತೈತಿ:
ಎಂಟನೂರು, ಇರಾವತಿಗೆ ಕಾಮಾಲಿ ಆದ ವಾರದ್ದು.
ಸಾವಿರದ ಇನ್ನೂರು, ವಾಲ್ವು ಮಾರಾವರ ಮನ್ಯಾಗ
ಟಾಕಿ ವಾಲ್ವು ಕೆಟ್ಟು, ಅಡಗಿಮನಿ ತುಂಬ ನೀರಾದಾಗಿಂದು.
ಸಣ್ಣಾವ ಮೊದಲನೇ ಹೆಜ್ಜಿ ಇಟ್ಟ ದಿನಾ
ಡಬಲ್.
ಅವತ್ತ ಏನೋ ಹಬ್ಬದ ಆಫರಿತ್ತಂತ.

ಮಾರ್ಚ್ ಮೂವತ್ತೊಂದಕ್ಕ ಎಲ್ಲಾ ಮುಗಿತಾವು ಅಂತ ಗೊತ್ತಾದ ಮ್ಯಾಲೆ
ಜೈಪುರಕ್ಕ ಹೋಗೂಣು, ಅಂದಳು ಇರಾವತಿ,
ಒಂಟಿ ನೋಡೂಣು. ಗಿರಮಿಟ್ಟೂ ಒಂಟಿ ನೋಡಬೇಕು.
ಗಿರಮಿಟ್ ಅಂದ್ರ ನಮ್ಮ ನಾಯಿ.
ಚುರಮರಿ ಗಾಡಿ ಕೆಳಗ ಸಿಕ್ಕ ಮರಿಗೆ
ಹುಬ್ಬಳ್ಯಾಗ ಬ್ಯಾರೆ ಏನ ಹೆಸರಿಡೂದು?

ಫೋನ್ ಮಾಡಿದೆ.
ಸಕ್ಕರಿಯಂಥ ದನಿಯ ಹುಡುಗಿ ಕೇಳಿದಳು,
ಮಗುವಿಗೆ ಎರಡು ವರ್ಷ ಆಗಿದೆಯೇ ಮೇಡಂ?
ಆಗಿಲ್ಲಂದ್ರ ಸೀಟಿಲ್ಲ, ಮಡಿಲಾಗ ಕೂಡಬೇಕು,
ಮಡಿಲಾಗ ಕೂತವರಿಗೆ ಅಂಕ ಬರೂದಿಲ್ಲ.
ನಾಯಿ? ಪಂಜರಾ ಹಿಡದು ಹತ್ತು ಕಿಲೋದೊಳಗ.
ಅದಕ್ಕ ರೊಕ್ಕಾನ ಕಟ್ಟಬೇಕು, ಅಂಕ ನಡಿಯೂದಿಲ್ಲ.
ತೂಕ ಮೀರಿದ್ರ ಅದು ಪ್ರಯಾಣಿಕ ಅಲ್ಲ, ಸರಕು.
ತಂಗಿ, ಪದಕೋಶ ತಗದು ನೋಡ,
ಅಂಕ ಅಂದ್ರ ಮಡಿಲು ಅಂತನೂ ಐತಿ,
ಅನ್ನಾಂವಿದ್ದೆ.
ಇನ್ನೇನಾದರೂ ಸಹಾಯ ಬೇಕೆ, ಅಂದಳು.

ಅಮರಗೋಳದ ಉಳ್ಳಾಗಡ್ಡಿ ಅಡತಿಗೆ ಹೋಗಿ
ಇಮಾಮಸಾಬರ ತಕ್ಕಡ್ಯಾಗ ಗಿರಮಿಟ್ಟನ ಕೂಡಿಸಿದ್ವಿ.
ಹನ್ನೊಂದು ಕಿಲೋ ಇನ್ನೂರು.
ಬಾಲಾ ಎತ್ತಿ ಹಿಡೀರಿ ಬಾಯಾರ, ಅಂದ್ರು ಅವರು, ನಗಲಿಲ್ಲ.
ಹನ್ನೊಂದು ನೂರಾ ಐವತ್ತು.
ಪಂಜರದ ಮಾತು ಇನ್ನ ಬಂದಿದ್ದಿಲ್ಲ.
ಒಂದು ವಾರ ಅರ್ಧಾ ರೊಟ್ಟಿ ಹಾಕಿ ಮತ್ತ ತೂಗಿದ್ರ
ಹನ್ನೊಂದು ನಾಲ್ಕನೂರು!
ಮನಿಗೆ ಬಂದು ಮೇಜಿನ ಕೆಳಗ ಬಗ್ಗಿ ನೋಡಿದೆ:
ಸಣ್ಣಾವ ತನ್ನ ಬಿಸ್ಕೀಟೆಲ್ಲಾ ಒಂದೊಂದ ದಾಟಸ್ತಿದ್ದ.

ನಾಯೀನ ಮಗ್ಗಲಮನ್ಯಾಗ ಬಿಟ್ಟು ಹೋಗೂಣು, ಅಂದ್ರು ಇವರು.
ಹಂಗಾರ ನೀ ಸರಕಿನಾಗ ಬಾ, ಅಂದಳು ಮಗಳು.
ಅವತ್ತಿಂದ ಅಡಗಿಮನಿ ಕದಕ್ಕ ಬಳಪದ ಗೆರಿ ಶುರುವಾದವು:
ಮನ್ಯಾಗ ಉಂಡ್ರ ಒಂದು,
ನಾಯಿ ತಿರುಗಾಡಿಸಿದ್ರ ಒಂದು,
ಫೋನ್ ನೋಡಿದ್ರ ಒಂದು ಅಳಸೂದು.
ಅಪ್ಪನ ಹೆಸರಿನ ಮುಂದ
ಬರೇ ಅಳಿಸಿದ ಕಲಿ.

ಮೂವತ್ತೊಂದರ ರಾತ್ರಿ.
ವರ್ಷದ ಲೆಕ್ಕಾ ಮುಗಸೂ ದಿನ, ಟೂರಿಲ್ಲ, ಇವರು ಮನ್ಯಾಗ.
ಹನ್ನೆರಡಕ್ಕ ಮೊಬೈಲು ಟಿಣ್ ಅಂತು:
ನಿಮ್ಮ ಬಾಕಿ, ಸೊನ್ನೆ.
ಕತ್ತಲಾಗ ಇವರ ಮಾರಿ ಮ್ಯಾಲೆ ನೀಲಿ ಬೆಳಕಿತ್ತು.
ಇನ್ನೂ ಮಲಗಿಲ್ಲೇನ್ರಿ, ಅಂದೆ.
ಹೆಂಗ ಮಲಗಲಿ, ಸಣ್ಣಾವ ತೊಡಿ ಮ್ಯಾಲೆ ನಿದ್ದಿ ಹೋಗ್ಯಾನ,
ಕಾಲು ಜೋಮು ಹಿಡದೈತಿ,
ಅಂತ ಪಿಸುಗುಟ್ಟಿದ್ರು.
ಎತ್ತಿ ಹಾಸಿಗ್ಯಾಗ ಹಾಕ್ರಿ, ಅಂದೆ.
ಇರಲಿ, ಅಂದ್ರು.

ಮುಂಜಾನೆ ಮೊದಲನೇ ವಿಮಾನ ಮಾಳಗಿ ಮ್ಯಾಲೆ ಹಾದು ಹೋಗುವಾಗ
ಗಿರಮಿಟ್ ದಿನದಂಗ ಅದನ್ನ ಬೈದು ಕಳಿಸಿತು.
ಇವರು ಕುಂಟಕೋತ ಎದ್ದು, ಹಗ್ಗಾ ಹುಡುಕಿ,
ನನ್ನ ಹವಾಯಿ ಚಪ್ಪಲಾನ ಮೆಟಗೊಂಡು
ಅದನ್ನ ಕರಕೊಂಡು ಹ್ವಾದ್ರು.
ಬರೂದರಾಗ ಇರಾವತಿ ಕದದ ಮುಂದ ನಿಂತಿದ್ದಳು.
ಅಪ್ಪಗ ಒಂದು ಗೆರಿ ಎಳದಳು.
ಗಿರಮಿಟ್ಟಗ ಎರಡು;
ಮೊದಲು ಎದ್ದದ್ದು ಅದು, ಅಂದಳು.